ಗಣಕ ಚದುರಂಗದಲ್ಲಿ ವಿದ್ಯುದ್ಭಂಗ: ಒಂದು ವಿಮರ್ಶೆ

ಗಣಕಯಂತ್ರಗಳು ಪರಸ್ಪರ ಚದುರಂಗವಾಡುವ ಪಂದ್ಯಾವಳಿಗಳಲ್ಲಿ ವಿದ್ಯುತ್ತು ನಡುವೆ ಕಡಿದುಹೋದರೆ ಆಟದ ಗತಿಯೇನು? ಬ್ಯಾಟರಿಯುಳ್ಳ ಯು.ಪಿ.ಎಸ್. ಒಂದನ್ನಿರಿಸಿದರೆ ಸಾಕೆಂಬ ಎಣಿಕೆ ಬಹುಮಟ್ಟಿಗೆ ಬಳಕೆಯಲ್ಲಿದೆ. ಅದು ಅಪೂರ್ಣವೆಂಬುದೇ ನಮ್ಮ ವಾದ.

ಆಟಗಾರನೂ ಹಲಗೆಯೂ ಒಂದೆಡೆಯಲ್ಲೇ ಇರಬೇಕೆಂಬ ನಿಯಮ ಇಲ್ಲಿಲ್ಲ. 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಪ್ರಥಮ ವಿಶ್ವ ಗಣಕ ಚದುರಂಗ ಸ್ಪರ್ಧೆಯಲ್ಲಿ 13 ಪ್ರೋಗ್ರಾಮುಗಳು ಭಾಗವಹಿಸಿದುವು. ನಾಲ್ಕು ಸುತ್ತುಗಳನ್ನೂ ಗೆದ್ದ ‘ಕೈಸ್ಸಾ’ದ ಯಂತ್ರವಾದರೋ ಮಾಸ್ಕೋದಲ್ಲಿದ್ದು, ನಡೆಗಳು ದೂರವಾಣಿಯ ಮೂಲಕ ಬರುತ್ತಿದ್ದುವು. ಇಂಥಲ್ಲಿ ಸಭಾಂಗಣದ ದೀಪವನ್ನು ಕಾಯ್ದ ಮಾತ್ರಕ್ಕೆ ಆಟವನ್ನು ಕಾಯ್ದಂತಾಗದು. ಮೇಲಾಗಿ ಬ್ಯಾಟರಿಯು ಕೊಡುವುದು ಅಲ್ಪಾವಕಾಶವನ್ನಷ್ಟೆ.

ಹಲಗೆಯ ಸ್ಥಿತಿಯನ್ನು ಉಳಿಸಿಡುವುದು ಎರಡನೆಯ ಉಪಾಯ. ‘ಫೆನ್’ ಎಂಬ ಲಿಪಿಪದ್ಧತಿ ಕಾಯಿಗಳ ವಿನ್ಯಾಸ, ಆಡಬೇಕಾದ ಪಕ್ಷ, ಕ್ಯಾಸ್ಲಿಂಗ್ ಹಕ್ಕು, ಐವತ್ತು ನಡೆಗಳ ನಿಯಮದ ಎಣಿಕೆ ಮೊದಲಾದುವನ್ನು ಒಂದೇ ಸಾಲಿನಲ್ಲಿ ಅಡಕಗೊಳಿಸುತ್ತದೆ. ಆದರೆ ಆ ಸ್ಥಿತಿ ಹಿಂದೆ ಎಷ್ಟು ಬಾರಿ ಬಂದಿತ್ತೆಂಬುದನ್ನು ಅದು ಹೇಳದು. ಒಂದೇ ಸ್ಥಿತಿ ಮೂರನೆಯ ಬಾರಿ ಬಂದರೆ ಡ್ರಾ ಕೋರಬಹುದಷ್ಟೆ. ಪೂರ್ವಚರಿತ್ರೆಯನ್ನು ಮರೆತು ಎದ್ದ ಯಂತ್ರ, ಗೆಲ್ಲುವ ಆಟದಲ್ಲಿದ್ದೂ, ಅರಿಯದೆ ಅದೇ ಸ್ಥಿತಿಗೆ ಮರಳಿ ಗೆಲುವನ್ನು ಕೈಬಿಡಬಹುದು. ಆದುದರಿಂದ ಸ್ಥಿತಿಯನ್ನು ಉಳಿಸುವುದು ಬೇರೆ, ಆಟವನ್ನು ಉಳಿಸುವುದು ಬೇರೆ.

ಮಾನವರ ಪಂದ್ಯಗಳಲ್ಲಿ ಇದಕ್ಕೆ ಒಳ್ಳೆಯ ಮಾದರಿಯುಂಟು. ಆಟವನ್ನು ಮರುದಿನಕ್ಕೆ ಮುಂದೂಡುವಾಗ ಗುಪ್ತ ನಡೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿ, ಹಲಗೆಯ ಸ್ಥಿತಿಯನ್ನೂ ಇಬ್ಬರೂ ವ್ಯಯಿಸಿದ ಕಾಲವನ್ನೂ ದಾಖಲಿಸುತ್ತಿದ್ದರು. ಆಟಗಾರರ ನಡೆಪಟ್ಟಿಯೂ ಜೊತೆಗಿರುತ್ತಿತ್ತು. ಪ್ರಬಲ ಗಣಕಗಳ ನೆರವು ಸುಲಭವಾದ ಮೇಲೆ 1990ರ ದಶಕದಲ್ಲಿ ಈ ಸಂಪ್ರದಾಯ ಮರೆಯಾಗುತ್ತ ಬಂದಿತು. ಅದನ್ನು ಮರೆಯಾಗಿಸಿದ ಯಂತ್ರಗಳಿಗೇ ಈಗ ಅದರ ವಿವೇಕ ಬೇಕಾಗಿದೆ. ಪ್ರತಿಯೊಂದು ನಡೆಯನ್ನೂ ಎರಡು ಗಡಿಯಾರಗಳ ಕಾಲವನ್ನೂ ಡಿಸ್ಕಿಗೆ ಬರೆದ ತರುವಾಯವೇ ನಡೆಯನ್ನು ಪ್ರಕಟಿಸತಕ್ಕದ್ದು. ಬರೆದುದು ಕ್ಷಣಕಾಲ ತಾತ್ಕಾಲಿಕ ಸ್ಮೃತಿಯಲ್ಲೇ ನಿಲ್ಲುವ ಸಂಭವವಿರುವುದರಿಂದ, ಅದು ಡಿಸ್ಕನ್ನು ಸೇರಿತೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು.

ಇಲ್ಲೊಂದು ಆಕ್ಷೇಪಣೆ ಏಳಬಹುದು: ಹಿಂದೆ ಶೋಧಿಸಿದ ಸ್ಥಿತಿಗಳ ಫಲಿತಗಳನ್ನು ಯಂತ್ರ ಕೂಡಿಟ್ಟ ಹ್ಯಾಶ್ ಕೋಷ್ಟಕವೂ ವಿದ್ಯುತ್ತಿನೊಡನೆ ಅಳಿಯುವುದಲ್ಲವೆ? ನಿಜ, ಪುನಃ ಎದ್ದ ಯಂತ್ರ ಬೇರೊಂದು ನಡೆಯನ್ನೇ ಆರಿಸಬಹುದು. ಆದರೂ ಅದನ್ನು ಪ್ರತಿ ನಡೆಗೂ ಉಳಿಸಹೊರಡುವುದು ಯುಕ್ತವಲ್ಲ. ಅದರ ಗಾತ್ರ ದೊಡ್ಡದು, ಬರೆಯುವ ಕಾಲ ಆಟದ ಕಾಲವನ್ನೇ ನುಂಗುತ್ತದೆ. ಆಡಿದ ನಡೆ ಪಂದ್ಯದ ಸೊತ್ತು, ಆಲೋಚನೆ ಆಟಗಾರನ ಸೊತ್ತು. ಮೊದಲನೆಯದರ ರಕ್ಷಣೆ ಪಂದ್ಯಾವಳಿಯ ಕರ್ತವ್ಯ. ಎರಡನೆಯದರ ನಷ್ಟಕ್ಕೆ ಪರಿಹಾರವಾಗಿ, ಸಭಾಂಗಣದ ವಿದ್ಯುತ್ತೇ ಕಡಿದಾಗ, ಆ ನಡೆಗೆ ವ್ಯಯಿಸಿದ್ದ ಕಾಲವನ್ನು ಮರಳಿ ಕೊಡುವುದು ನ್ಯಾಯವೆಂದು ನಮ್ಮ ಅಭಿಮತ.