ಎಲ್‌ಡಿಎಲ್ ಪಕ್ಕದ ‘ಎಚ್’

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂದಾಗ ಏನ್ಮಾಡ್ತೀರಿ? ದಪ್ಪಕ್ಷರದಲ್ಲಿ ಏನಾದ್ರೂ ಇದೆಯಾ ನೋಡಿ, ‘ಕರಿದದ್ದು ಕಮ್ಮಿ ಮಾಡ್ಬೇಕು’ ಅಂದುಕೊಂಡು ಮುಚ್ಚಿಡ್ತೀರಿ, ಅಲ್ವಾ? ನಾನೂ ಬೆಂಗಳೂರಿನಲ್ಲಿ ಮೂರು ವರ್ಷ ಅದನ್ನೇ ಮಾಡಿದೆ. ನನ್ನ ಎಲ್‌ಡಿಎಲ್ 256, ಪಕ್ಕದ ಸೀಟಿನ ಗೆಳೆಯನದ್ದು 138. ಲ್ಯಾಬ್ ಇಬ್ಬರಿಗೂ ಒಂದೇ ‘ಎಚ್’ ಗುರುತು ಹಾಕಿತ್ತು. ಕೆಳಗೆ ಉಪದೇಶವೂ ಒಂದೇ: ಎಣ್ಣೆ ಕಡಿಮೆ ಮಾಡಿ, ದಿನಾ ನಡೆಯಿರಿ.

ಸಂಖ್ಯೆಗಳ ಬಗ್ಗೆ ನನಗೆ ತಕರಾರಿಲ್ಲ, ತಕರಾರು ಆ ಬರವಣಿಗೆಯ ಬಗ್ಗೆ. ವಯಸ್ಕರಲ್ಲಿ ಎಲ್‌ಡಿಎಲ್ 190 ಮುಟ್ಟಿದರೆ ಊಟದ ತಟ್ಟೆ ನೋಡಿದರೆ ಸಾಲದು, ವಂಶವನ್ನೂ ನೋಡಬೇಕು. ಥೈರಾಯ್ಡ್, ಕಿಡ್ನಿ ತೊಂದರೆ ಇಲ್ಲ ಅಂತ ಖಚಿತವಾದರೆ ಫೆಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ ಇರಬಹುದು. ಇದರಲ್ಲಿ ರಕ್ತದಿಂದ ಎಲ್‌ಡಿಎಲ್ ಹೀರಿಕೊಳ್ಳುವ ಲಿವರ್‌ನ ಶಕ್ತಿಯೇ ಹುಟ್ಟಿನಿಂದ ಕಡಿಮೆ. ಆ ಕೆಲಸ ಮಾಡುವ ರಿಸೆಪ್ಟರನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ನೂರಕ್ಕೆ 50ರಷ್ಟು ಸಾಧ್ಯತೆ. ಅನುಮಾನ ಪಡಲು ಜೀನ್ ಟೆಸ್ಟ್ ಬೇಕಿಲ್ಲ. ಇದೇ ಲಿಪಿಡ್ ಪ್ರೊಫೈಲ್ ಸಾಕು, ಜೊತೆಗೊಂದು ಪ್ರಶ್ನೆ: ಕುಟುಂಬದಲ್ಲಿ ಯಾರಿಗಾದ್ರೂ ಸಣ್ಣ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತಾ?

ನನಗೆ ಅದನ್ನು ಕೊನೆಗೂ ಕೇಳಿದವರು ಮೂಡುಬಿದಿರೆಯ ಡಾಕ್ಟ್ರು, ರಜೆಗೆ ಊರಿಗೆ ಹೋದಾಗ. “ಇಲ್ಲ ಡಾಕ್ಟ್ರೇ” ಅಂದೆ. ಸುಳ್ಳು ಹೇಳಿದ್ದಲ್ಲ. ನಮ್ಮದು ಅಳಿಯಸಂತಾನ; ಕುಟುಂಬ ಅಂದರೆ ಅಮ್ಮನ ಕಡೆ. ಬಳಿ ಅಮ್ಮನದ್ದು, ಕುಟುಂಬದ ಮನೆ ಅಮ್ಮನದ್ದು. ನಾನು ಬೆಳೆದದ್ದೂ ಅಲ್ಲೇ. ಪಕ್ಕದಲ್ಲಿ ಕೂತಿದ್ದ ಅಮ್ಮ ಮೆಲ್ಲ ಹೇಳಿದರು: “ಇವನ ಅಪ್ಪ ಬಂಟ್ವಾಳದವರು. ನಲ್ವತ್ತೆರಡಕ್ಕೆ ಹೋದ್ರು, ಎದೆನೋವು ಬಂದು. ಅವರ ತಮ್ಮನೂ ಹಾಗೇ.”

ಬಳಿ ಅಮ್ಮನಿಂದ ಮಾತ್ರ ಬರುತ್ತದೆ. ಈ ಜೀನ್ ಹಾಗಲ್ಲ, ಅಪ್ಪನಿಂದಲೂ ಬರುತ್ತದೆ. ಥೈರಾಯ್ಡ್, ಕಿಡ್ನಿ ಎರಡೂ ಸರಿ ಇದ್ದವು. ಮಾತ್ರೆ ಶುರುವಾಯಿತು.

‘ನಮ್ಮ ಕೆಲಸ ಸಂಖ್ಯೆ ಕೊಡುವುದು, ಅರ್ಥ ಹೇಳುವುದು ಡಾಕ್ಟರ ಕೆಲಸ’ ಅಂತ ಲ್ಯಾಬಿನವರು ಹೇಳಬಹುದು. ಹಾಗಾದ್ರೆ ಎಣ್ಣೆಯ ಉಪದೇಶ ಯಾಕೆ ಅಚ್ಚು ಹಾಕ್ತೀರಿ? ಆ ಜಾಗದಲ್ಲಿ ಇಷ್ಟು ಬರೆಯಿರಿ: ‘190 ಮುಟ್ಟಿದೆ, ವಂಶದಿಂದ ಬಂದಿರಬಹುದು. ಡಾಕ್ಟರನ್ನು ಕಾಣಿ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ವಿಚಾರಿಸಿ.’ ಹೊಸ ಟೆಸ್ಟ್ ಬೇಡ, ಇನ್ನೊಂದು ತೊಟ್ಟು ರಕ್ತವೂ ಬೇಡ. ಆ ಸಾಲು ಇಲ್ಲದ್ದರಿಂದ ನನ್ನ ಮೂರು ವರ್ಷ ಹೋಯಿತು.

ಬೆಳ್ತಂಗಡಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. “ಎಂತ ಮಾರಾಯ, ಬೆಂಗಳೂರಿಂದ ಕಾಯಿಲೆ ಹಂಚ್ಲಿಕ್ಕೆ ಹೊರಟಿದ್ದೀಯಾ?” ಅಂತ ನಕ್ಕ. ಆದರೂ ಟೆಸ್ಟ್ ಮಾಡಿಸಿದ. 241. ಪಕ್ಕದಲ್ಲಿ ಅದೇ ‘ಎಚ್’, ಕೆಳಗೆ ಅದೇ ಎಣ್ಣೆ. ಅವನ ಮಗಳಿಗೆ ಈಗ ಒಂಬತ್ತು ವರ್ಷ. ಶನಿವಾರ ಅವಳನ್ನೂ ರಕ್ತಪರೀಕ್ಷೆಗೆ ಕರ್ಕೊಂಡು ಹೋಗ್ತಾನಂತೆ.