ಮರವೇರಿ ಮಾಯವಾಗುವ ಕಸುಬು

ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಗಾಗಿ ಬಿಲ್ಲು ಹಿಡಿದು ಕಾಯುವವರು ಸಾಮಾನ್ಯವಾಗಿ 15-20 ಅಡಿ ಎತ್ತರದಲ್ಲಿ, ಮರಕ್ಕೆ ಬಿಗಿದ ಪುಟ್ಟ ಅಟ್ಟಣೆಯಲ್ಲಿ ಕೂರುತ್ತಾರೆ. ಬೇಟೆ ನನಗೆ ಒಗ್ಗದ ಸಂಗತಿ. ಆದರೂ ಈ ಅಡಗುವ ಕಸುಬನ್ನು ಮೆಚ್ಚದೆ ಇರಲಾರೆ.

ಮೊದಲ ಲೆಕ್ಕ ಗಾಳಿಯದು. ವಾಸನೆಯಿಲ್ಲದ ಸೋಪು ಎಷ್ಟು ಉಜ್ಜಿಕೊಂಡರೂ ಜಿಂಕೆಯ ಮೂಗನ್ನು ಪೂರ್ತಿ ವಂಚಿಸಲಾಗದು. ಹಾಗಾಗಿ ಜಿಂಕೆ ಬರುವ ಜಾಡಿನಿಂದ ತನ್ನತ್ತ ಗಾಳಿ ಬೀಸುವಂಥ ಮರವನ್ನೇ ಆರಿಸಬೇಕು. ಗುಡ್ಡಗಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬಿಸಿಲೇರಿದಂತೆ ಗಾಳಿ ಇಳಿಜಾರಿನ ಗುಂಟ ಮೇಲೇರುತ್ತದೆ, ಸಂಜೆ ತಂಪಾದಂತೆ ಕಣಿವೆಗೆ ಇಳಿಯುತ್ತದೆ. ಬೆಳಗ್ಗೆ ಹೇಳಿ ಮಾಡಿಸಿದಂತಿದ್ದ ಮರ ಸಂಜೆ ಚಾಡಿ ಹೇಳುತ್ತದೆ. ಬಲ್ಲವರು ಚಿಟಿಕೆ ಪುಡಿ ತೂರಿ, ಅದು ತೇಲುವ ದಿಕ್ಕು ನೋಡುತ್ತಲೇ ಇರುತ್ತಾರೆ.

ಬಣ್ಣದ ವಿಚಾರ ತಮಾಷೆಯದು. ಬಂದೂಕಿನ ಋತುವಿನಲ್ಲಿ ಗುಂಡು ತಪ್ಪಿ ಒಬ್ಬರಿಗೊಬ್ಬರು ಹೊಡೆದುಕೊಳ್ಳದಿರಲೆಂದು ತೊಡುವ, ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಜಿಂಕೆಗೆ ಕಿತ್ತಳೆಯಾಗಿ ಕಾಣುವುದೇ ಇಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ದುಬಾರಿ ಎಲೆಚಿತ್ತಾರದ ಜಾಕೆಟ್ಟಿನ ಕೆಳಗೆ ನೀಲಿ ಜೀನ್ಸ್ ಹಾಕಿದವನ ದುಡ್ಡು ದಂಡ!

ನಿಜವಾದ ಮರೆ ಇರುವುದು ಬೆನ್ನ ಹಿಂದೆ. ದಪ್ಪ ಕಾಂಡ, ಕವಲುಗಳು, ಒಣಗಿದರೂ ಎಲೆ ಉದುರಿಸದ ಓಕ್ ಕೊಂಬೆ ಹಿಂದಿದ್ದರೆ ಬಯಲು ಆಕಾಶದೆದುರು ಮನುಷ್ಯಾಕೃತಿ ಎದ್ದು ಕಾಣದು. ಇಷ್ಟಾದರೂ ಅಲುಗಾಟವೊಂದೇ ಎಲ್ಲವನ್ನೂ ಕೆಡಿಸಬಲ್ಲದು. ಜಿಂಕೆಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಬೆನ್ನ ಹಿಂದಿನ ಚೂರು ಬಿಟ್ಟರೆ ಸುತ್ತೆಲ್ಲ ಅದರ ನೋಟಕ್ಕೆ ಸಿಗುತ್ತದೆ. ಅದರ ತಲೆ ಯಾವುದಾದರೂ ಮರದ ಹಿಂದೆ ಸರಿಯುವ ಆ ಎರಡು ಹೆಜ್ಜೆಗಳ ಹೊತ್ತಿನಲ್ಲೇ ಬಿಲ್ಲಿನ ಹೆದೆ ಎಳೆದು ಮುಗಿಸಬೇಕು.