ಹತ್ತು ಮಂದಿ ಸೇರಿದರೆ ಸಿಗುವ ರಿಯಾಯಿತಿ

ಹೈಸ್ಕೂಲಿನ ಹಳೆಯ ಬ್ಯಾಚಿನವರು ಗುರುವಂದನೆ ಇಟ್ಟುಕೊಳ್ಳಲಿ, ಊರ ಬಸದಿಯಲ್ಲಿ ಪಂಚಕಲ್ಯಾಣ ನಿಶ್ಚಯವಾಗಲಿ, ದೊಡ್ಡ ಮನೆತನದ ಲಗ್ನಕ್ಕೆ ಬೆಂಗಳೂರು, ದಿಲ್ಲಿ, ಹೈದರಾಬಾದಿನಿಂದ ಬೀಗರು ಬರುವುದಿರಲಿ, ಚಿಕ್ಕೋಡಿ ಭಾಗದಲ್ಲಿ ಈಗ ಸಮಿತಿಯ ಮೊದಲ ಸಭೆಯಲ್ಲೇ ವಿಮಾನದ ಮಾತು ಬರುತ್ತದೆ. ಟ್ರಾವೆಲ್ಸ್ ನಡೆಸುವವರೊಬ್ಬರು ಸಭೆಯಲ್ಲಿದ್ದರಂತೂ ಭರವಸೆಯೂ ಅಲ್ಲೇ ಸಿಗುತ್ತದೆ: "ಹತ್ತ ಮಂದಿ ಆದ್ರ ಸಾಕ್ರೀ, ಗ್ರೂಪ್ ಬುಕಿಂಗ್‌ನ್ಯಾಗ ಕಡಿಮಿ ಮಾಡಿಸಿ ಕೊಡ್ತೀನಿ." ಆ ಮಾತು ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿಗೂ, ವಾಟ್ಸಾಪ್ ಗುಂಪಿಗೂ ಹೋಗುತ್ತದೆ. ದೂರದಿಂದ ಬರುವವರು ಅದನ್ನು ನಂಬಿ ಟಿಕೆಟ್ ತೆಗೆಸದೆ ಕಾಯುತ್ತಾರೆ. ಈ ಪದ್ಧತಿಯನ್ನು ಒಮ್ಮೆ ನಿಷ್ಠುರವಾಗಿ ನೋಡಬೇಕು. ಈಗಿರುವ ರೂಪದಲ್ಲಿ ನಮ್ಮ ಕಡೆಯ ಕೂಟಗಳಿಗೆ ಇದು ಹೆಚ್ಚಿನ ಮಟ್ಟಿಗೆ ನಿರುಪಯೋಗಿ, ಕೆಲವೊಮ್ಮೆ ನಷ್ಟದ ಬಾಬತ್ತು. ಇದರಲ್ಲಿ ಒಂದು ನಿಜವಾದ ಗುಣವಿದೆ. ಅದನ್ನು ಮಾತ್ರ ಯಾರೂ ಕೇಳಿ ಪಡೆಯುತ್ತಿಲ್ಲ.

ಮೊದಲು ದರದ ಲೆಕ್ಕ. ವಿಮಾನದ ಸೀಟುಗಳೆಲ್ಲ ಒಂದೇ ಬೆಲೆಯವಲ್ಲ. ಕಂಪನಿಯವರು ಅವನ್ನು ಹಲವು ಹಂತಗಳಾಗಿ ಒಡೆದಿಟ್ಟಿರುತ್ತಾರೆ. ಕೆಳಗಿನ ಹಂತ ಖಾಲಿಯಾದಂತೆ ಮೇಲಿನದು ತೆರೆಯುತ್ತದೆ. ಒಂದೇ ಸಲ ಹಲವು ಸೀಟು ಕೇಳಿದರೆ, ಅಷ್ಟೂ ಸೀಟು ಯಾವ ಹಂತದಲ್ಲಿ ಒಟ್ಟಿಗೆ ಸಿಗುತ್ತವೆಯೋ ಆ ಹಂತದ ಬೆಲೆಯನ್ನೇ ಯಂತ್ರ ಎಲ್ಲರಿಗೂ ಹಚ್ಚುತ್ತದೆ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: 3,200 ರೂಪಾಯಿಯ ಹಂತದಲ್ಲಿ ನಾಲ್ಕು ಸೀಟು ಉಳಿದಿವೆ, ಮುಂದಿನ ಹಂತ 4,100. ಒಂಬತ್ತು ಸೀಟು ಒಟ್ಟಿಗೆ ತೆಗೆದರೆ 36,900 ರೂಪಾಯಿ ಆಗುತ್ತದೆ. ಮೊದಲು ನಾಲ್ಕು, ಆಮೇಲೆ ಐದು ತೆಗೆದರೆ 33,300. ಒಟ್ಟಿಗೆ ಕೊಂಡದ್ದಕ್ಕೆ 3,600 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಸಂತೆಯಲ್ಲಿ ಮೂಟೆಗಟ್ಟಲೆ ಕೊಂಡವನಿಗೆ ದರ ಇಳಿಯುತ್ತದೆ. ವಿಮಾನದ ಮಾರುಕಟ್ಟೆಯಲ್ಲಿ ಬಹಳ ಸಲ ಅದರ ತಿರುವುಮುರುವು ನಡೆಯುತ್ತದೆ. ಇದು ಗೊತ್ತಿಲ್ಲದೆಯೇ ಸಮಿತಿಗಳು "ಎಲ್ಲರೂ ಒಂದೇ ಟಿಕೆಟ್ ಮಾಡೋಣ" ಎಂದು ಹೊರಡುತ್ತವೆ.

ಸಾಮಾನ್ಯ ಬುಕಿಂಗ್‌ನಲ್ಲಿ ಒಂದು ಪಿಎನ್‌ಆರ್‌ಗೆ ಒಂಬತ್ತು ಜನರೇ ಮಿತಿ. ಹತ್ತನೆಯವರು ಸೇರಿದ ಕೂಡಲೇ ವಿಷಯ ಕಂಪನಿಯ ಗ್ರೂಪ್ ವಿಭಾಗಕ್ಕೆ ಹೋಗುತ್ತದೆ. ಅವರು ಹೇಳುವ ದರ ಆ ದಿನ ಜಾಲತಾಣದಲ್ಲಿರುವ ಅತಿ ಕಡಿಮೆ ದರಕ್ಕಿಂತ ಕೆಳಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹಾಗಾದರೆ ಗ್ರೂಪ್ ಬುಕಿಂಗ್ ಏನು ಕೊಡುತ್ತದೆ? ದರವನ್ನು ಕಟ್ಟಿಹಾಕುತ್ತದೆ. ಮುಂಗಡ ತುಂಬಿ ಸೀಟು ಹಿಡಿದಿಡಬಹುದು, ಉಳಿದ ಹಣವನ್ನು ಆಮೇಲೆ ಕಟ್ಟಬಹುದು, ಬರುವವರ ಹೆಸರನ್ನು ಕೆಲವು ದಿನ ತಡವಾಗಿ ಕೊಡಬಹುದು. ನಾನು ಮೊದಲು ಹೇಳಿದ ಗುಣ ಇದೇ. ಲಗ್ನಕ್ಕೆ ಯಾವ ಅತ್ತೆ ಬರುತ್ತಾರೆ, ಯಾವ ಮಾವನಿಗೆ ರಜೆ ಸಿಗುವುದಿಲ್ಲ ಎಂಬುದು ಕೊನೆಯ ಎರಡು ವಾರದವರೆಗೆ ಗೊತ್ತಾಗದ ಮನೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಅದು ಅನುಕೂಲ, ಅಗ್ಗದ ದರ ಅಲ್ಲ. ಬರುವವರ ಸಂಖ್ಯೆ ಇಳಿದರೆ ಮುಂಗಡದ ಒಂದು ಪಾಲು ಹೋಗುತ್ತದೆ ಎಂಬ ಷರತ್ತೂ ಅದರ ಜೊತೆಗೇ ಬರುತ್ತದೆ. ಇವೆರಡನ್ನೂ ಬಿಡಿಸಿ ಹೇಳುವ ಏಜೆಂಟರು ಇದ್ದಾರೆ. ಅವರನ್ನು ಹುಡುಕಿಕೊಂಡು ಹೋಗಬೇಕು, ಅಷ್ಟೆ.

ಇನ್ನು ನಮ್ಮ ಕೂಟಗಳ ಸ್ವರೂಪ ನೋಡಿ. ಗ್ರೂಪ್ ದರಕ್ಕೆ ಹತ್ತು ಮಂದಿ ಒಂದೇ ಊರಿನಿಂದ, ಒಂದೇ ವಿಮಾನದಲ್ಲಿ ಹೊರಡಬೇಕು. ನಮ್ಮ ಅತಿಥಿಗಳು ಹಾಗೆ ಬರುವವರಲ್ಲ. ಕಾಗವಾಡ ತಾಲ್ಲೂಕಿನ ಶೇಡಬಾಳ ಜೈನ ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು. ಅವರ ಭಕ್ತವೃಂದ ದಿಲ್ಲಿಯಲ್ಲಿ ದೊಡ್ಡದು. ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರ ಅನುಯಾಯಿಗಳು ಮಧ್ಯಪ್ರದೇಶದ ಊರೂರಲ್ಲಿದ್ದಾರೆ. ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮವೂ ಇದೇ ಸೀಮೆಯದು. ಇಲ್ಲಿ ಒಂದು ಜಯಂತಿ, ಒಂದು ಪಂಚಕಲ್ಯಾಣ ನಡೆದರೆ ಇಂದೂರಿನಿಂದ ನಾಲ್ವರು, ದಿಲ್ಲಿಯಿಂದ ಆರು ಜನ, ಜೈಪುರದಿಂದ ಇಬ್ಬರು ಎಂಬಂತೆ ಬರುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಮ್ಮಿಲನವೂ ಹೀಗೆಯೇ: ಒಬ್ಬ ಸೇನೆಯಲ್ಲಿ, ಒಬ್ಬಳು ಪುಣೆಯಲ್ಲಿ, ಮೂವರು ಬೆಂಗಳೂರಿನಲ್ಲಿ. ಒಟ್ಟು ಐವತ್ತು ಜನ ವಿಮಾನ ಹತ್ತಿದರೂ ಯಾವ ವಿಮಾನದಲ್ಲೂ ಹತ್ತು ಜನ ಇರುವುದಿಲ್ಲ.

ಚದುರಿದ ಊರುಗಳಿಂದ ಒಂದೇ ಕಡೆಗೆ ಬರುವವರಿಗೆಂದೇ ಬೇರೆ ಪದ್ಧತಿಯೊಂದು ಹೊರದೇಶಗಳಲ್ಲಿದೆ. ಅಮೆರಿಕದ ಡೆಲ್ಟಾ, ಯುನೈಟೆಡ್‌ನಂಥ ಕಂಪನಿಗಳು ಸಮಾವೇಶದ ಸಂಘಟಕರಿಗೆ ಒಂದು ಕೋಡ್ ಕೊಡುತ್ತವೆ. ಅತಿಥಿಗಳು ತಮ್ಮ ತಮ್ಮ ಊರಿನಿಂದ, ತಮಗೆ ಬೇಕಾದ ದಿನ, ಆ ಕೋಡ್ ಹಾಕಿ ಟಿಕೆಟ್ ಮಾಡಿಕೊಂಡರೆ ನಿಗದಿತ ಶೇಕಡಾವಾರು ಕಡಿತ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಅಲ್ಲಿಯ ಕನ್ನಡಿಗರು ನಡೆಸುವ ಅಕ್ಕ ಸಮ್ಮೇಳನದಂಥ ಕೂಟಗಳಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಅದು. ಏರ್ ಇಂಡಿಯಾ 2014ರ ಜುಲೈನಲ್ಲಿ ಸೇರಿದ ಸ್ಟಾರ್ ಅಲಯನ್ಸ್ ಒಕ್ಕೂಟದಲ್ಲೂ ಅಂತರರಾಷ್ಟ್ರೀಯ ಸಮಾವೇಶಗಳಿಗೆ ಇಂಥದ್ದೇ ಯೋಜನೆ ಇದೆ. ಆದರೆ ಅದು ದೊಡ್ಡ ನಗರಗಳ, ದೊಡ್ಡ ಸಭಾಂಗಣಗಳ ಲೆಕ್ಕ. ನಿಪ್ಪಾಣಿಯ ಮಂಗಲ ಕಾರ್ಯಾಲಯದಲ್ಲಿ ನಡೆಯುವ ಕೂಟ ಅದರ ಕಣ್ಣಿಗೆ ಬೀಳುವುದಿಲ್ಲ.

ನಮ್ಮಲ್ಲಿಯೇ ಇದಕ್ಕಿಂತ ಸರಳವಾದ ಏರ್ಪಾಡು ಒಂದಿತ್ತು. ಅಖಿಲ ಭಾರತ ಮಟ್ಟದ ಕೆಲವು ಸಾಂಸ್ಕೃತಿಕ, ಶೈಕ್ಷಣಿಕ ಸಂಸ್ಥೆಗಳ ವಾರ್ಷಿಕ ಸಮ್ಮೇಳನಕ್ಕೆ ಹೋಗುವ ಪ್ರತಿನಿಧಿಗಳಿಗೆ ರೈಲ್ವೆ ಇಲಾಖೆ ಶೇ. 25ರಷ್ಟು ರಿಯಾಯಿತಿ ಕೊಡುತ್ತಿತ್ತು. ಪ್ರತಿನಿಧಿ ಎಲ್ಲಿಂದ ಹೊರಟರೂ ಸರಿ, ಒಬ್ಬನೇ ಹೊರಟರೂ ಸರಿ. ರೈಲಿನ ಮೂಲ ದರ ಎಲ್ಲರಿಗೂ ತಿಳಿದಿರುತ್ತಿದ್ದರಿಂದ ಕಾಲುಭಾಗ ಎಂದರೆ ಎಷ್ಟು ಎಂಬುದು ಹಳ್ಳಿಯ ಮಾಸ್ತರರಿಗೂ ಗೊತ್ತಾಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಅಂಗವಿಕಲರು, ರೋಗಿಗಳು, ವಿದ್ಯಾರ್ಥಿಗಳನ್ನು ಬಿಟ್ಟು ಉಳಿದವರ ರಿಯಾಯಿತಿಗಳನ್ನು ಇಲಾಖೆ ನಿಲ್ಲಿಸಿತು. ಆದರೆ ವಿಮಾನದಂತೆ ಮೂಲ ದರವೇ ಗಂಟೆಗೊಮ್ಮೆ ಬದಲಾಗುವಲ್ಲಿ "ಶೇ. 10 ಕಡಿತ" ಎಂದರೆ ಯಾವುದರ ಮೇಲೆ ಕಡಿತ? ವಿಮಾನದ ಗ್ರೂಪ್ ರಿಯಾಯಿತಿಯ ಬಗ್ಗೆ ನನ್ನ ಮುಖ್ಯ ತಕರಾರು ಇದು. ತಾಳೆ ನೋಡಲು ಬಾರದ ರಿಯಾಯಿತಿಯನ್ನು ರಿಯಾಯಿತಿ ಎಂದು ಒಪ್ಪಲಾಗದು.

ಬೆಳಗಾವಿಯ ಸಾಂಬ್ರಾ ನಿಲ್ದಾಣದ ಕಥೆಯೂ ಇಲ್ಲಿ ಮುಖ್ಯ. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಈ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. ರನ್‌ವೇ 2,300 ಮೀಟರಿಗೆ ಬೆಳೆಯಿತು. 2019ರಲ್ಲಿ ಉಡಾನ್ ಯೋಜನೆಯ ಮೂರನೆಯ ಸುತ್ತಿನಲ್ಲಿ ಹಲವು ಮಾರ್ಗಗಳು ಸಿಕ್ಕವು. ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂಬುದು ಆ ಯೋಜನೆ ಶುರುವಾದಾಗಿನ ಮಾತು. ವಿಮಾನದ ಅರ್ಧದಷ್ಟು ಸೀಟುಗಳಿಗೆ ಆ ದರ, ಕಂಪನಿಗಾಗುವ ಕೊರತೆಗೆ ಸರಕಾರದ ಸಹಾಯಧನ. ಸಹಾಯಧನದ ಅವಧಿ ಮೂರು ವರ್ಷ. ಅದು ಮುಗಿದ ಮೇಲೆ ಬೆಳಗಾವಿಯ ಹಲವು ಮಾರ್ಗಗಳು ನಿಂತುಹೋದವು. ನಮ್ಮ ಭಾಗದವರು ಕಂಡ ನಿಜವಾದ ವಿಮಾನ ರಿಯಾಯಿತಿ ಅದೊಂದೇ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೆ ಹತ್ತು ಮಂದಿ ಬೇಕಿರಲಿಲ್ಲ, ಯಾರ ಶಿಫಾರಸೂ ಬೇಕಿರಲಿಲ್ಲ. ಈಗ ಇಂಥ ಪ್ರಾದೇಶಿಕ ಮಾರ್ಗಗಳಲ್ಲಿ ಹಾರುವುದು ಹೆಚ್ಚಾಗಿ ಎಂಬತ್ತರೊಳಗಿನ ಸೀಟಿನ ಸಣ್ಣ ವಿಮಾನ. ಸುವರ್ಣ ವಿಧಾನಸೌಧದಲ್ಲಿ ಡಿಸೆಂಬರ್ ಅಧಿವೇಶನ ನಡೆಯುವಾಗ ಶಾಸಕರು, ಅಧಿಕಾರಿಗಳು, ಪತ್ರಕರ್ತರು ಅವೇ ಸೀಟುಗಳಿಗೆ ಬೀಳುತ್ತಾರೆ. ಆ ವಾರ ಹದಿನೈದು ಸೀಟಿಗೆ ಗ್ರೂಪ್ ದರ ಕೇಳಿದರೆ ಕಡಿಮೆ ಮಾಡಲು ಕಂಪನಿಗೆ ಕಾರಣವೇ ಇರುವುದಿಲ್ಲ.

ಸರಕಾರ ಮನಸ್ಸು ಮಾಡಿದರೆ ದರ ಇಳಿಯುತ್ತದೆ ಎಂಬುದಕ್ಕೆ ಹೊಸ ಉದಾಹರಣೆಗಳಿವೆ. ಮಹಾಕುಂಭದ ಸಮಯದಲ್ಲಿ ಪ್ರಯಾಗರಾಜದ ವಿಮಾನ ದರ ಆಕಾಶಕ್ಕೇರಿತ್ತು. 2025ರ ಜನವರಿ ಕೊನೆಯಲ್ಲಿ ಕಂಪನಿಗಳು ದರವನ್ನು ಅರ್ಧಕ್ಕೆ ಇಳಿಸಿವೆ ಎಂದು ಪ್ರಕಟಿಸಿದ್ದು ನಮ್ಮ ಧಾರವಾಡದ ಸಂಸದ, ಕೇಂದ್ರ ಸಚಿವ ಪ್ರಲ್ಹಾದ ಜೋಶಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ 500 ಕಿ.ಮೀ. ಒಳಗಿನ ಹಾರಾಟಕ್ಕೆ 7,500 ರೂಪಾಯಿ ಎಂದು ಸರಕಾರ ಮಿತಿ ಹಾಕಿತು. ಬೆಂಗಳೂರು–ಬೆಳಗಾವಿ ಆ ಅಂತರದೊಳಗೇ ಬರುತ್ತದೆ. ಕುಂಭಮೇಳಕ್ಕೆ ಆದದ್ದು ಶೇಡಬಾಳದ ಉತ್ಸವಕ್ಕೂ ಆಗಲಿ ಎಂದು ನಾನು ಕೇಳುವುದಿಲ್ಲ. ಕೂಟದ ಗಾತ್ರ ನೋಡಿ ಮಾತ್ರ ಕರುಣೆ ತೋರುವ ನೀತಿ ಸರಿಯಲ್ಲ ಎಂದಷ್ಟೇ ಹೇಳುತ್ತೇನೆ.

ಸಂಘಟಕರ ಕೈಯಲ್ಲಿರುವುದನ್ನು ನೋಡೋಣ. ಬಹಳ ಸಮಿತಿಗಳು ರಿಯಾಯಿತಿಯ ಬೆನ್ನು ಹತ್ತಿ ಕಳೆಯುವ ತಿಂಗಳಲ್ಲೇ ಅತಿಥಿಗಳ ಹಣ ಹೋಗುತ್ತದೆ. ತಾರೀಖು ಬೇಗ ಗಟ್ಟಿಯಾದರೆ, ಅದು ಅಧಿವೇಶನದ ವಾರಕ್ಕೂ ದೀಪಾವಳಿಯ ರಜೆಗೂ ಬೀಳದಿದ್ದರೆ, ಪ್ರತಿಯೊಬ್ಬರೂ ತಮ್ಮ ಪಾಡಿಗೆ ಕೆಳಹಂತದ ಟಿಕೆಟ್ ತೆಗೆಯಬಹುದು. ಸೈನಿಕರಿಗೆ, ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ಕಂಪನಿಗಳು ಇಟ್ಟಿರುವ ಪ್ರತ್ಯೇಕ ದರಗಳು ಒಬ್ಬೊಬ್ಬರಾಗಿ ಬುಕ್ ಮಾಡುವವರಿಗೆ ಸಿಗುತ್ತವೆ, ಗ್ರೂಪ್ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಅವು ಕೂಡಿಬರುವುದಿಲ್ಲ. ಮನೆಗೊಬ್ಬರು ಸೈನಿಕರಿರುವ ಊರುಗಳುಳ್ಳ ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಇಳಿಯುವ ನಿಲ್ದಾಣ ಯಾವುದು ಎಂಬುದೂ ದರದಷ್ಟೇ ಮುಖ್ಯ. ಬೆಳಗಾವಿ ಜಿಲ್ಲೆ ಎಂದಾಕ್ಷಣ ಎಲ್ಲರಿಗೂ ಸಾಂಬ್ರಾ ತೋರಿಸುವುದು ರೂಢಿಯಾಗಿಬಿಟ್ಟಿದೆ. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರದ ಉಜಳಾಯಿವಾಡಿ ನಿಲ್ದಾಣ ನಲವತ್ತು ಕಿ.ಮೀ. ಆಸುಪಾಸು, ಸಾಂಬ್ರಾ ಅದರ ಎರಡು ಪಟ್ಟು ದೂರ. ಕಾಗವಾಡಕ್ಕೂ ಕೊಲ್ಹಾಪುರವೇ ಹತ್ತಿರ. ಅಥಣಿಗೆ ಎರಡೂ ದೂರ. ಅಲ್ಲಿಗೆ ಬರುವವರಿಗೆ ಟಿಕೆಟ್‌ನಲ್ಲಿ ಮುನ್ನೂರು ರೂಪಾಯಿ ಉಳಿಸಿಕೊಟ್ಟು, ಸಾಂಬ್ರಾದಿಂದ ಟ್ಯಾಕ್ಸಿಗೆ ಸಾವಿರಗಟ್ಟಲೆ ತೆರುವಂತೆ ಬಿಟ್ಟರೆ ಏನು ಉಪಕಾರ ಮಾಡಿದಂತಾಯಿತು? ಎರಡು ವಿಮಾನಗಳ ಹೊತ್ತು ನೋಡಿ ಒಂದು ಟೆಂಪೋ ಟ್ರಾವೆಲರ್ ನಿಲ್ಲಿಸಿದರೆ ಗ್ರೂಪ್ ರಿಯಾಯಿತಿಗಿಂತ ಹೆಚ್ಚಿನ ಉಳಿತಾಯ ಅದರಲ್ಲೇ ಇದೆ. ರಾಯಬಾಗದ ಕೂಟಕ್ಕೆ ಬೆಂಗಳೂರಿನಿಂದ ಬರುವವರಿಗಂತೂ ವಿಮಾನದ ಮಾತೇ ಬೇಡ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾಯಬಾಗದಲ್ಲೂ ಕುಡಚಿಯಲ್ಲೂ ನಿಲ್ಲುತ್ತದೆ.

ವಿಮಾನ ಕಂಪನಿಗಳು ಮಾಡಬೇಕಾದದ್ದು ಎರಡೇ. ಗ್ರೂಪ್ ದರ ತಿಳಿಸುವಾಗ ಅದೇ ಹೊತ್ತಿನ ಒಂಟಿ ಟಿಕೆಟ್‌ನ ಅತಿ ಕಡಿಮೆ ದರವನ್ನೂ ಅದರ ಪಕ್ಕದಲ್ಲೇ ಬರೆದು ಕೊಡಬೇಕು. ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿಯಂಥ ನಿಲ್ದಾಣಗಳಿಗೆ ಬೇರೆ ಬೇರೆ ಊರಿನಿಂದ ಬರುವ ಇಪ್ಪತ್ತೈದು ಜನರ ಕೂಟಕ್ಕೂ ಒಂದು ಕೋಡ್ ಸಿಗುವಂತೆ ಮಾಡಬೇಕು. ಚಿಕ್ಕೋಡಿ ಮತ್ತು ಬೆಳಗಾವಿಯ ಸಂಸದರು ಹೊಸ ಮಾರ್ಗಗಳಿಗಾಗಿ ವಿಮಾನಯಾನ ಸಚಿವರನ್ನು ಕಾಣುವಾಗ ಈ ಎರಡು ಬೇಡಿಕೆಗಳನ್ನೂ ಮನವಿಯಲ್ಲಿ ಸೇರಿಸಲಿ. ಅಲ್ಲಿಯವರೆಗೆ ಸಮಿತಿಗಳು ಆಮಂತ್ರಣದ ಆ ಕೊನೆಯ ಸಾಲನ್ನು ತೆಗೆದುಹಾಕಲಿ. ಅದರ ಜಾಗದಲ್ಲಿ ಹತ್ತಿರದ ನಿಲ್ದಾಣದ ಹೆಸರು, ಅಲ್ಲಿಂದ ವಾಹನ ಹೊರಡುವ ಹೊತ್ತು, ವಾಹನದ ಜೊತೆ ಇರುವವರ ಫೋನ್ ನಂಬರ್ ಅಚ್ಚು ಮಾಡಿಸಲಿ.